ಸಿಂಚನಾಳ ಐದು ಹುಣಸೆ ಬೀಜ

ಆಗ ನನಗೆ ಐವತ್ತೆಂಟು. ಎಂಟು ವರ್ಷದ ಹಿಂದಿನ ಮಾತು. ಸಾಸ್ವೆಹಳ್ಳಿಯ ಒಂದು ಮನೆಯಲ್ಲಿ ಸಿಂಚನಾ ಎಂಬ ಹನ್ನೊಂದು ವರ್ಷದ ಹುಡುಗಿ ಮೂಳೆಯ ಕ್ಯಾನ್ಸರಿನಿಂದ ಮಲಗಿದ್ದಳು. ಅವಳು ಉಳಿಯಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಳಿಸುವುದು ನಮ್ಮ ಕೆಲಸವೂ ಆಗಿರಲಿಲ್ಲ. ದೊಡ್ಡಾಸ್ಪತ್ರೆಯವರು ಇನ್ನು ಆಗುವುದಿಲ್ಲ ಎಂದು ಮನೆಗೆ ಕಳಿಸಿದ ಮಕ್ಕಳನ್ನು ಇದ್ದಷ್ಟು ದಿನ ನೋಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆ ಒಂದು ಕೆಲಸವನ್ನೇ ಇಪ್ಪತ್ತೊಂದು ದಿನ ನಾನು ಕೆಡಿಸಿದೆ. ಮಾತ್ರೆ ಇರಲಿಲ್ಲ ಎಂದಲ್ಲ. ಮಾತ್ರೆ ಡಬ್ಬಿಯಲ್ಲೇ ಇತ್ತು.

ನನ್ನ ಹೆಸರು ತಿಪ್ಪಮ್ಮ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ನಾನು ಕೆಲಸ ಮಾಡಿದ ಕೇಂದ್ರಕ್ಕೆ ಈ ವರ್ಷ ಮೂವರು ಹೊಸ ಹುಡುಗಿಯರು ಸೇರಿದ್ದಾರಂತೆ. ಅವರಿಗೆ ಓದಿ ಹೇಳಲು ಏನಾದರೂ ಬರೆದು ಕೊಡು ಎಂದು ಲಲಿತಾ ಸಿಸ್ಟರ್ ಕೇಳಿದರು. ಸಿಸ್ಟರ್ ನನಗೆ ಮೇಲಿನವರು, ಹದಿಮೂರು ವರ್ಷ ಅವರ ಹಿಂದೆ ಚೀಲ ಹೊತ್ತು ತಿರುಗಿದ್ದೇನೆ. ನಾನು ಬರೆದದ್ದರ ಕಾಗುಣಿತ ಅವರೇ ತಿದ್ದಿದ್ದಾರೆ. ತಿದ್ದುವಾಗ ನನ್ನ ತಪ್ಪು ಸಣ್ಣದಾಗಿ ಕಾಣಲಿ ಎಂದು ಅಲ್ಲಲ್ಲಿ ಎರಡು ಒಳ್ಳೆಯ ಮಾತು ಸೇರಿಸಿದ್ದರು. ಅವನ್ನು ಹೊಡೆದು ಹಾಕಿಸಿದ್ದೇನೆ.

ನಮ್ಮ ವ್ಯಾನು ಚನ್ನಗಿರಿಯಿಂದ ಹೊರಡುತ್ತಿತ್ತು. ಸೋಮವಾರ ಚನ್ನಗಿರಿ ಸುತ್ತಿನ ಹಳ್ಳಿಗಳು, ಮಂಗಳವಾರ ಹೊನ್ನಾಳಿ ಕಡೆ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ನನ್ನ ಹುದ್ದೆ ಸಹಾಯಕಿ. ಸೇರಿದ ದಿನವೂ ಸಹಾಯಕಿ, ಬಿಟ್ಟ ದಿನವೂ ಸಹಾಯಕಿ. ಮಗುವಿನ ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಹತ್ತಿಯಿಂದ ಬಾಯಿ ಒರೆಸುವುದು, ಮಲ ಕಟ್ಟಿದ್ದರೆ ಕೈ ಹಾಕಿ ತೆಗೆಯುವುದು. ಮೂಗು ಮುಚ್ಚಿಕೊಳ್ಳುವವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಹುಣ್ಣು ತೊಳೆಯುವಾಗ ನನ್ನ ಜಾತಿ ಕೇಳಿದವರು ಯಾರೂ ಇಲ್ಲ. ತೊಳೆದಾದ ಮೇಲೆ ಟೀ ಕೊಡುವಾಗ ಕೇಳಿದವರು ಇದ್ದಾರೆ. ಟೀ ಬೇಡ ಎಂದರೆ ಆಯಿತು, ಅದಕ್ಕೆ ಮಗುವನ್ನು ಬಿಡಬಾರದು.

ನಾನು ಸೇರಿದ ಹೊಸದರಲ್ಲಿ ನೋವು ಅಳೆಯಲು ಒಂದು ಕಾರ್ಡು ಇತ್ತು. ಅದರಲ್ಲಿ ಸಾಲಾಗಿ ಮುಖಗಳು, ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ನಿನಗೆ ಹೇಗಾಗುತ್ತಿದೆಯೋ ಆ ಮುಖ ತೋರಿಸು ಎನ್ನಬೇಕು. ನಮ್ಮ ಹಳ್ಳಿ ಮಕ್ಕಳು ಚೆನ್ನಾಗಿರುವ ಮುಖ ಯಾವುದು ಎಂದು ಕೇಳಿದ್ದಾರೆ ಅಂದುಕೊಂಡು ನಗುವ ಮುಖಕ್ಕೇ ಬೆರಳಿಡುತ್ತಿದ್ದವು. ಕಣ್ಣಲ್ಲಿ ನೀರು, ಬೆರಳು ನಗುವ ಮುಖದ ಮೇಲೆ. ಒಂದು ದಿನ ನಾನು ಚೌಕಾಬಾರ ಆಡುವ ಹುಣಸೆ ಬೀಜ ತಂದೆ. ಐದು ಬೀಜ ಮಗುವಿನ ಮುಂದೆ ಇಟ್ಟು, ನೋವು ಎಷ್ಟಿದೆಯೋ ಅಷ್ಟು ಬೀಜ ನನ್ನ ಕಡೆ ತಳ್ಳು ಎಂದೆ. ಮಕ್ಕಳಿಗೆ ತಟ್ಟನೆ ತಿಳಿಯಿತು. ಡಾಕ್ಟರು ಮೊದಲು ನಕ್ಕರು. ಆಮೇಲೆ ಅವರೇ ಫೋನಿನಲ್ಲಿ, "ಇವತ್ತು ಎಷ್ಟು ಬೀಜ?" ಎಂದು ಕೇಳತೊಡಗಿದರು. ಬೀಜದ ಲೆಕ್ಕ ನೋಡಿ ಮಾತ್ರೆ ಏರಿಸುತ್ತಿದ್ದರು, ಇಳಿಸುತ್ತಿದ್ದರು. ಇದು ತಿಪ್ಪಕ್ಕನ ಬುದ್ಧಿ ಎಂದು ಸಿಸ್ಟರ್ ಹೊರಗಿನಿಂದ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಸೊಕ್ಕು ಬಂದಿತ್ತು.

ಸೊಕ್ಕು ಬರುವುದಕ್ಕೂ ಮೊದಲು ಒಂದು ಸಲ ಪೆಟ್ಟು ತಿಂದಿದ್ದೆ. ಜಗಳೂರು ತಾಲ್ಲೂಕಿನ ಸೊಕ್ಕೆ ಎಂಬ ಊರಿನಲ್ಲಿ ಎರಡು ವರ್ಷದ ಗಂಡು ಮಗು, ತಲೆಯೊಳಗೆ ಗಡ್ಡೆ. ನುಂಗುವುದು ನಿಂತು ಹೋಗಿತ್ತು. ಮಗುವಿನ ತಾತ ಬಾಗಿಲಿಗೆ ಅಡ್ಡ ನಿಂತು, "ಏನ್ರೀ, ನೀರಿಲ್ದೆ ಸಾಯ್ಸಾಕೆ ಬಂದೀರಾ? ಗ್ಲೂಕೋಸ್ ಬಾಟ್ಲಿ ಹಾಕ್ರಿ," ಎಂದ. ಡಾಕ್ಟರು ಕೂತು ಅರ್ಧ ಗಂಟೆ ತಿಳಿಸಿ ಹೇಳಿದರು. ಈ ಮೈ ಇನ್ನು ನೀರು ತಡೆಯುವುದಿಲ್ಲ, ಹಾಕಿದ್ದೆಲ್ಲ ಎದೆಗೆ ಹೋಗುತ್ತದೆ, ಬಾಯಿ ಒದ್ದೆ ಮಾಡುತ್ತಿರಿ ಸಾಕು ಎಂದರು. ತಾತ ಅಳುತ್ತಾ ಕೂತ. ನನಗೆ ಆ ಅಳು ನೋಡಲಾಗಲಿಲ್ಲ. ಹಿತ್ತಲಿಗೆ ಕರೆದು, "ಊರಾಗೆ ಬಾಟ್ಲಿ ಹಾಕೋರು ಯಾರಾದ್ರೂ ಇದ್ರೆ ನಾವು ಹೋದ್ಮೇಲೆ ಹಾಕಿಸ್ಕೊಳ್ರಿ," ಎಂದೆ. ಹಾಕಿಸಿದರು. ಮರುದಿನ ಹೋದಾಗ ಮಗುವಿನ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಎದೆಯಲ್ಲಿ ಗೊರಗೊರ ನೀರು. ಹಾಗೆ ಎರಡು ದಿನ ಎಳೆಯಿತು.

ಸಿಸ್ಟರಿಗೆ ನಾನೇ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. "ಬಾಟ್ಲಿ ಯಾರಿಗೆ ಹಾಕಿಸ್ದೆ ತಿಪ್ಪಕ್ಕ? ಮಗೀಗಾ, ತಾತಂಗಾ?" ಎಂದರು.

"ತಾತಂಗೆ," ಎಂದೆ.

"ಹಂಗಾದ್ರೆ ತಾತಂಗೇ ಚುಚ್ಚಿಸ್ಬೇಕಿತ್ತು."

ಆ ಮಾತು ಕಲಿತೆ ಅಂದುಕೊಂಡಿದ್ದೆ. ಕಲಿತಿರಲಿಲ್ಲ.

ಸಿಂಚನಾಳ ಮನೆಗೆ ನಾವು ಹೋದದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಅಪ್ಪ ನ್ಯಾಮತಿಯ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ, ಬೆಳಿಗ್ಗೆ ಹೋಗಿ ಸಂಜೆ ಬರುವವನು. ತಾಯಿ ಶೈಲಾ, ಮೂವತ್ತು ದಾಟಿರಲಿಲ್ಲ. ಅವಳು ಹೊಸಿಲ ಹೊರಗೇ ನಮ್ಮನ್ನು ತಡೆದು ನಿಲ್ಲಿಸಿದಳು.

"ಒಳಗ್ ಬರೋದಾದ್ರೆ ಒಂದು ಮಾತು. ಅವ್ಳಿಗೆ ಏನೂ ಗೊತ್ತಿಲ್ಲ. ವಾಸಿ ಆಗಲ್ಲ ಅಂತ ಯಾರೂ ಬಾಯಿ ಬಿಡಬಾರ್ದು. ತಲೆ ಮುಟ್ಟಿ ಆಣೆ ಮಾಡ್ರಿ, ಆಮೇಲೆ ಒಳಗ್ ಬರ್ರಿ."

ಸಿಸ್ಟರ್ ಹೇಳಿದರು, "ನಾನಾಗಿ ಹೇಳಾಕೆ ಹೋಗಲ್ಲಮ್ಮ. ಆದ್ರೆ ಮಗು ಕೇಳಿದ್ರೆ ಸುಳ್ಳು ಹೇಳಲ್ಲ. ಆಣೆ ಮಾಡಲ್ಲ."

"ಹಂಗಾದ್ರೆ ಬ್ಯಾಡ ಬಿಡ್ರಿ," ಎಂದು ಶೈಲಾ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಹುಡುಗಿ ನರಳುವುದು ಕೇಳುತ್ತಿತ್ತು.

ನಾನು ಮುಂದೆ ಹೋಗಿ, "ನಾನ್ ಮಾಡ್ತೀನಿ ಬಾರವ್ವ," ಎಂದೆ. ಸಿಸ್ಟರ್ ನನ್ನ ಸೆರಗು ಜಗ್ಗಿದರು. ಬಿಡಿಸಿಕೊಂಡು ಒಳಗೆ ಹೋದೆ. ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟು, ನಿನ್ನ ಮಗಳಿಗೆ ನನ್ನ ಬಾಯಿಂದ ಆ ಮಾತು ಬರಲ್ಲ ಎಂದು ಆಣೆ ಮಾಡಿದೆ. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ತಲೆಗೇ ಕೇಡು, ಮಗು ಸಾಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸಾಯುತ್ತದೆ ಎಂದು ಗೊತ್ತಿರುವ ಮಗುವಿನ ತಲೆ ಮುಟ್ಟಿ ನಾನು ಆ ಆಣೆ ಮಾಡಿದೆ. ಬಾಗಿಲು ತೆಗೆಸಿದೆನಲ್ಲ ಎಂದು ಅವತ್ತು ವ್ಯಾನಿನಲ್ಲಿ ಬೀಗಿದೆ.

ಮೊದಲ ದಿನ ಹುಡುಗಿ ಐದೂ ಬೀಜ ತಳ್ಳಿದ್ದಳು. ಮಾತ್ರೆ ಶುರುವಾದ ಮೇಲೆ ಎರಡಕ್ಕೆ ಇಳಿಯಿತು. ದಿಂಬಿಗೆ ಒರಗಿ ಕೂರುವಂತಾದಳು. ಆಗ ಗೊತ್ತಾಯಿತು ಎಂಥ ಬಾಯಿ ಅವಳದು ಎಂದು.

"ಅಜ್ಜಿ, ನಿನ್ನ ಮುಂದಿನ ಹಲ್ಲು ಎಲ್ಲಿ ಹೋದ್ವು?"

"ನಿನ್ನಂಥೋರ ಹತ್ರ ಮಾತಾಡಿ ಮಾತಾಡಿ ಸವೆದ್ವು."

ಸಿಸ್ಟರ್ ರಿಜಿಸ್ಟರ್ ಬರೆಯುವಷ್ಟು ಹೊತ್ತು ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ನಾನು ಮನೆ ಎಣಿಸುವಾಗ ಒಂದು ಹಾರಿಸುತ್ತಿದ್ದೆ. ಅವಳು ಹಿಡಿಯುತ್ತಿದ್ದಳು. "ಕಳ್ಳಾಟ ಆಡ್ತಿ ಅಜ್ಜಿ ನೀನು. ವಯಸ್ಸಾದ್ರೂ ನಾಚ್ಕೆ ಇಲ್ಲ," ಎನ್ನುತ್ತಿದ್ದಳು.

ಏಪ್ರಿಲ್ ಕೊನೆಯ ಹೊತ್ತಿಗೆ ನೋವು ಮತ್ತೆ ಏರಿತು. ಒಂದು ಮಂಗಳವಾರ ನಾಲ್ಕು ಬೀಜ ತಳ್ಳಿದಳು. ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿ ಮಾತ್ರೆ ಏರಿಸಿದರು. ನಡುವೆ ನೋವು ತಡೆಯದಿದ್ದರೆ ಕೊಡಲು ಎಂದು ಬೇರೆ ಮಾತ್ರೆಗಳನ್ನೂ ಒಂದು ಡಬ್ಬಿಯಲ್ಲಿ ಇಟ್ಟು ಶೈಲಾಳಿಗೆ ತೋರಿಸಲು ಹೊರಗೆ ಕರೆದುಕೊಂಡು ಹೋದರು. ನಾನು ಹುಡುಗಿಯ ಕಾಲಿನ ಕೆಳಗೆ ದಿಂಬು ಸರಿ ಮಾಡುತ್ತಿದ್ದೆ.

"ಅಜ್ಜಿ, ನಾನು ವಾಸಿ ಆಗ್ತೀನಾ?"

ಸಿಸ್ಟರನ್ನು ಕೇಳಿದ್ದರೆ ಚೆನ್ನಾಗಿತ್ತು. ನನ್ನನ್ನು ಕೇಳಿದಳು. ಗೊತ್ತಿಲ್ಲ ಮಗಾ, ಸಿಸ್ಟರನ್ನು ಕೇಳೋಣ ಎನ್ನಬಹುದಿತ್ತು. ನಿನಗೆ ಏನನ್ನಿಸುತ್ತದೆ ಎಂದು ಕೇಳಬಹುದಿತ್ತು, ಹಾಗೆ ಕೇಳುವುದನ್ನು ನಮಗೆ ಕಲಿಸಿಯೂ ಇದ್ದರು. ನಾನು ಬುದ್ಧಿವಂತಿಕೆ ಮಾಡಿದೆ. ಆಣೆಯೂ ಮುರಿಯಬಾರದು, ಮಗುವಿಗೂ ಸಮಾಧಾನ ಆಗಬೇಕು.

"ಮೊದ್ಲು ಐದು ಬೀಜ ಇದ್ದದ್ದು ಎರಡಾಗಿರ್ಲಿಲ್ವಾ? ಹಂಗೇ ಮತ್ತೆ ಇಳೀತಾ ಬರ್ತೈತೆ. ಬೀಜ ಕಡಿಮೆ ಆದಷ್ಟೂ ವಾಸಿ ಆಗ್ತಾ ಬಂದಂಗೆ. ಒಂದೂ ಇಲ್ದ ದಿನ ಎದ್ದು ಓಡಾಡ್ತಿ."

"ಸ್ಕೂಲು ತೆಗೆಯೋದ್ರೊಳಗೆ ಆಗ್ತೈತಾ?"

"ಆಗ್ತೈತೆ ಬಿಡು," ಎಂದೆ.

ಮುಂದಿನ ಮಂಗಳವಾರ ಮೂರು ಬೀಜ. ಅದರ ಮುಂದಿನ ವಾರ ಎರಡು. ಮಾತ್ರೆ ಏರಿಸಿದ್ದರಿಂದ ಇಳಿದಿದೆ ಎಂದು ಸಿಸ್ಟರ್ ಅಂದುಕೊಂಡರು. ಶೈಲಾ ನನ್ನ ಕೈ ಹಿಡಿದು, "ನಿಮ್ಮ ಕೈಗುಣ ಅಕ್ಕಾ, ನೀವು ಮುಟ್ಟಿದ್ಮೇಲೇ ನನ್ನ ಮಗ್ಳು ಚೇತರಿಸ್ಕೊಂಡ್ಲು," ಎಂದಳು. ನಡುವೆ ಕೊಡಲು ಇಟ್ಟಿದ್ದ ಮಾತ್ರೆಯ ಡಬ್ಬಿ ತಂದು ತೋರಿಸಿದಳು. ಒಂದೂ ಖರ್ಚಾಗಿರಲಿಲ್ಲ. "ಕೇಳೇ ಇಲ್ಲ ನೋಡ್ರಿ," ಎಂದಳು. ನನಗೆ ಖುಷಿಯಾಯಿತು. ಕೈಗುಣ ಎಂಬ ಮಾತನ್ನು ಇಡೀ ವಾರ ಒಳಗೊಳಗೇ ಚಪ್ಪರಿಸಿದೆ. ಹುಡುಗಿ ಈಗ ಚೌಕಾಬಾರಕ್ಕೆ ಕರೆಯುತ್ತಿರಲಿಲ್ಲ, ನನ್ನ ಹಲ್ಲಿನ ಮಾತೆತ್ತುತ್ತಿರಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಷ್ಟು ವರ್ಷ ಈ ಕೆಲಸ ಮಾಡಿದವಳು ಅದನ್ನು ನೋಡಿಯೂ ನೋಡಲಿಲ್ಲ. ತೊಡೆಯ ಗಡ್ಡೆ ಅಳೆದ ಸಿಸ್ಟರ್ ಮಾತ್ರ ವ್ಯಾನಿನಲ್ಲಿ, "ಗಡ್ಡೆ ಬೆಳೀತೈತೆ, ನೋವು ಇಳೀತೈತೆ. ಇದೆಂಗೆ ತಿಪ್ಪಕ್ಕ?" ಎಂದರು. ಒಂದೊಂದು ಮೈ ಒಂದೊಂದು ಥರ ಎಂದೆ.

ಮೂರನೇ ಮಂಗಳವಾರ ಹೋದಾಗ ಒಂದು ಬೀಜ ತಳ್ಳಿದಳು. ಮೇ ತಿಂಗಳ ಬಿಸಿಲು, ತಗಡಿನ ಮಾಡು, ಹುಡುಗಿ ತುಂಬು ತೋಳಿನ ಸ್ವೆಟರ್ ಹಾಕಿಕೊಂಡಿದ್ದಳು. ಚಳಿಯಂತೆ. ಸಿಸ್ಟರ್ ಮತ್ತು ಶೈಲಾ ಹೊರಗಿದ್ದರು. ಮೈ ಒರೆಸಬೇಕು, ತೆಗೆ ಎಂದೆ. ಬೇಡ ಎಂದಳು. ನಾನೇ ಎಳೆದು ತೆಗೆದೆ.

ಮುಂಗೈಯಿಂದ ಮೊಣಕೈವರೆಗೆ ಹಲ್ಲಿನ ಗುರುತು. ಎರಡೂ ಕೈಗೆ. ಹಳೆಯವು ಕಪ್ಪಾಗಿದ್ದವು, ಹೊಸವು ಕೆಂಪಗೆ. ಒಂದೆರಡು ಕಡೆ ಚರ್ಮ ಒಡೆದು ಕೀವಾಗಿತ್ತು.

"ಅಮ್ಮಂಗೆ ಹೇಳ್ಬ್ಯಾಡ ಅಜ್ಜಿ."

"ಯಾಕೆ ಕಚ್ಕಂಡಿ?"

"ಕೂಗು ಬರ್ತಿತ್ತು. ಕೂಗಿದ್ರೆ ಅಮ್ಮಂಗೆ ಗೊತ್ತಾಗ್ತೈತೆ. ಒಂದೇ ಬೀಜ ಉಳಿದಿರೋದು. ಇನ್ನೊಂದು ವಾರ ತಡ್ಕಂತೀನಿ, ಅದೂ ಹೋಗ್ತೈತೆ. ನೀನೇ ಹೇಳ್ದಲ್ಲ."

ಅವಳು ಲೆಕ್ಕವನ್ನು ತಿರುಗಿಸಿ ಹಿಡಿದಿದ್ದಳು. ನೋವು ಕಡಿಮೆಯಾದರೆ ಬೀಜ ಕಡಿಮೆ ಮಾಡಬೇಕಿತ್ತು. ಅವಳು ಬೀಜ ಕಡಿಮೆ ಮಾಡಿ ವಾಸಿಯಾಗಲು ಹೊರಟಿದ್ದಳು. ತಪ್ಪು ಅವಳದಲ್ಲ. ನಾನು ಹೇಳಿಕೊಟ್ಟದ್ದೇ ಅದು.

ಸಿಸ್ಟರನ್ನು ಕೂಗಿ ಕೈ ತೋರಿಸಿದೆ. ಶೈಲಾ ಮಗಳ ಕೈ ಹಿಡಿದು ಅತ್ತಳು. ಸಿಸ್ಟರ್ ಅಲ್ಲೇ ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ಏರಿಸಿ, ಒಂದನ್ನು ಕೈಯಲ್ಲಿ ಹಿಡಿದು ಹುಡುಗಿಯ ಬಾಯಿ ಹತ್ತಿರ ತಂದರು. ಅವಳು ತುಟಿ ಬಿಗಿ ಹಿಡಿದಳು.

"ನಂಗೆ ನೋವಿಲ್ಲ. ಒಂದೇ ಬೀಜ."

"ಸುಳ್ಳು ಹೇಳ್ಬಾರ್ದು ಪುಟ್ಟಿ. ನುಂಗು."

ಬಲವಂತಕ್ಕೆ ಬಾಯೊಳಗೆ ಹಾಕಿಕೊಂಡವಳು ಗೋಡೆ ಕಡೆ ತಿರುಗಿ ಉಗಿದಳು. ಶೈಲಾ ಅಳುತ್ತಲೇ, "ಪಾಯಸದಾಗೆ ಕಲಸಿ ಕೊಡ್ತೀನಿ, ಗೊತ್ತಾಗಲ್ಲ," ಎಂದಳು. ಸಿಸ್ಟರ್ ಬೇಡ ಎಂದರು. ಹನ್ನೊಂದು ವರ್ಷದವಳಿಗೆ ಕದ್ದು ಕೊಟ್ಟರೆ ನಾಳೆ ಅನ್ನವನ್ನೂ ನಂಬುವುದಿಲ್ಲ ಎಂದರು. ಆಮೇಲೆ ಹುಡುಗಿಯನ್ನೇ ಕೇಳಿದರು, "ಯಾಕೆ ಬ್ಯಾಡ, ಹೇಳು."

ಹುಡುಗಿ ನನ್ನ ಮುಖ ನೋಡಿದಳು. ಶೈಲಾಳೂ ನೋಡಿದಳು, ಆಣೆ ನೆನಪಿದೆಯಾ ಎನ್ನುವ ಹಾಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಕೈಗಳಿಗೆ ಮುಲಾಮು ಹಚ್ಚಿ, ಸಂಜೆಯೊಳಗೆ ಹೇಗಾದರೂ ಒಪ್ಪಿಸಿ ನುಂಗಿಸಿ ಎಂದು ಶೈಲಾಳಿಗೆ ಹೇಳಿ ಹೊರಟೆವು. ವ್ಯಾನಿನಲ್ಲಿ ಸಿಸ್ಟರ್ ಕೇಳಿದರು, "ಆ ಹುಡುಗಿ ನಿನ್ನ ಮುಖ ಯಾಕೆ ನೋಡಿದ್ಲು?"

"ನಂಗೇನು ಗೊತ್ತು ಸಿಸ್ಟರ್."

ಹೊಸ ಹುಡುಗಿಯರು ಈ ಸಾಲನ್ನು ಎರಡು ಸಲ ಓದಬೇಕು. ಮಗುವಿಗೆ ಹೇಳಿದ ಸುಳ್ಳನ್ನು ಕರುಣೆ ಎಂದು ಯಾರಾದರೂ ಕರೆದಾರು, ಸಿಸ್ಟರ್ ಕರೆದಿದ್ದಾರೆ ಕೂಡ. ವ್ಯಾನಿನಲ್ಲಿ ಹೇಳಿದ ಸುಳ್ಳಿಗೆ ಅಂಥ ಹೆಸರು ಇಲ್ಲ. ಅವರಿಗೆ ಕಾರಣ ಗೊತ್ತಾಗಿದ್ದರೆ ಅಲ್ಲೇ ವ್ಯಾನು ತಿರುಗಿಸುತ್ತಿದ್ದರು. ನನ್ನ ಕೈಗುಣ, ನನ್ನ ಬೀಜ, ನನ್ನ ಹೆಸರು ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಹುಡುಗಿಗೆ ಇನ್ನೊಂದು ದಿನದ ನೋವು ಕೊಟ್ಟೆ.

ಸಂಜೆ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಕಿವುಚುವಾಗ ಬೀಜ ಬೆರಳಿಗೆ ಸಿಕ್ಕಿತು. ಸೊಕ್ಕೆಯ ಮಗುವಿನ ವಿಷಯದಲ್ಲಿ ಸಿಸ್ಟರ್ ಕೇಳಿದ್ದು ನೆನಪಾಯಿತು. ಯಾರಿಗೆ ಹಾಕಿಸಿದೆ? ಸಾರು ಮಾಡಲಿಲ್ಲ. ಆಣೆ ಮುರಿದದ್ದಕ್ಕೇ ಹುಡುಗಿ ಸತ್ತಳೆಂದು ಶೈಲಾ ಮುಂದೆ ಹೇಳುತ್ತಾಳೆ ಎಂದು ಗೊತ್ತಿತ್ತು. ಹಾಗೇ ಆಯಿತು. ಹುಡುಗಿ ಜೂನ್ ಕೊನೆಯಲ್ಲಿ ತೀರಿಕೊಂಡಳು. ಇವತ್ತಿಗೂ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಶೈಲಾ ಮುಖ ತಿರುಗಿಸಿ ಹೋಗುತ್ತಾಳೆ. ಹೋಗಲಿ. ಯಾರನ್ನಾದರೂ ಬಯ್ಯಬೇಕಲ್ಲ ಅವಳಿಗೆ.

ಮರುದಿನ ಬುಧವಾರ, ವ್ಯಾನು ನ್ಯಾಮತಿಗೆ ಹೋಗುವ ದಿನ. ನಾನು ಡ್ಯೂಟಿಗೆ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಮೊದಲ ಬಸ್ಸಿಗೆ ಹೊನ್ನಾಳಿಗೆ ಹೋಗಿ, ಅಲ್ಲಿಂದ ಸಾಸ್ವೆಹಳ್ಳಿ ಬಸ್ಸು ಹತ್ತಿದೆ. ಅಪ್ಪ ಮಂಡಿಗೆ ಹೋಗಿದ್ದ. ಶೈಲಾ ಬಾಗಿಲು ಗುಡಿಸುತ್ತಿದ್ದಳು. ರಾತ್ರಿಯೂ ಮಾತ್ರೆ ನುಂಗಲಿಲ್ಲ ಎಂದಳು.

"ಆಣೆ ಮುರಿಯಾಕೆ ಬಂದೀನಿ ಶೈಲಾ," ಎಂದೆ.

ಪೊರಕೆ ಎತ್ತಿದಳು. "ಮಗಳ ತಲೆ ಮೇಲಿನ ಆಣೆ ಅದು."

"ಹೌದು. ಕೇಡು ಬಂದ್ರೆ ನನಗೆ ಬರ್ಲಿ. ಬ್ಯಾಡ ಅಂದ್ರೆ ಇಲ್ಲೇ ಹೊಡಿ. ಆದ್ರೆ ನಾನ್ ಹೇಳಿದ ಸುಳ್ಳಿಗೇ ಅವ್ಳು ಮಾತ್ರೆ ಬಿಟ್ಟಿರೋದು." ಬೀಜದ ಮಾತನ್ನೆಲ್ಲ ಹೇಳಿದೆ. ಅವಳು ಹೊಡೆಯಲಿಲ್ಲ. ಪೊರಕೆ ಬಿಸಾಕಿ ಅಡುಗೆಮನೆಗೆ ಹೋಗಿ ಗೋಡೆ ಕಡೆ ತಿರುಗಿ ಕೂತಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಂಡೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಹುಡುಗಿಯ ಪಕ್ಕ ನೆಲದ ಮೇಲೆ ಕೂತೆ.

"ನಾನು ಅವತ್ತು ಹೇಳಿದ್ದು ಸುಳ್ಳು. ಬೀಜಕ್ಕೂ ವಾಸಿ ಆಗೋದಕ್ಕೂ ಸಂಬಂಧ ಇಲ್ಲ. ನೀನು ಎಷ್ಟು ತಡ್ಕಂಡ್ರೂ ಈ ರೋಗ ಹೋಗಲ್ಲ. ಮಾತ್ರೆ ನುಂಗಿದ್ರೆ ನೋವು ಹೋಗ್ತೈತೆ. ಅಷ್ಟು ಮಾತ್ರ ನಮ್ಮ ಕೈಯಾಗೆ ಐತೆ."

ಅವಳು ಅಡುಗೆಮನೆ ಕಡೆ ನೋಡಿದಳು.

"ಅಮ್ಮಂಗೆ ಗೊತ್ತಾ?"

"ಗೊತ್ತು."

"ಅಪ್ಪಂಗೆ?"

"ಗೊತ್ತು."

"ನಂಗೊಬ್ಳಿಗೇ ಗೊತ್ತಿಲ್ದಿದ್ದು." ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾವಾಗ್ಲೂ ಕಳ್ಳಾಟನೇ ಅಜ್ಜಿ," ಎಂದಳು.

ನಾನು ಹೂಂ ಎಂದೆ.

ದಿಂಬಿನ ಕೆಳಗೆ ಕೈ ಹಾಕಿ, ಅವಳ ಹತ್ತಿರವೇ ಬಿಟ್ಟಿದ್ದ ಬೀಜ ತೆಗೆದಳು. ಒಂದೊಂದಾಗಿ ಐದನ್ನೂ ನನ್ನ ಕಡೆ ತಳ್ಳಿದಳು. ತಳ್ಳಿ ನೋಡಿದಳು.

"ಇಷ್ಟೇನಾ ಇರೋದು? ಇನ್ನೂ ಬೇಕು."

ಎದ್ದು ಅಡುಗೆಮನೆಗೆ ಹೋದೆ. ಹುಣಸೆಹಣ್ಣು ಎಲ್ಲೈತೆ ಎಂದು ಕೇಳಿದೆ. ಶೈಲಾ ತಿರುಗದೆಯೇ ಗಡಿಗೆಯನ್ನು ನನ್ನ ಕಡೆ ಜರುಗಿಸಿದಳು. ಅಲ್ಲೇ ಕೂತು ಹಣ್ಣು ಬಿಡಿಸಿ, ಬೀಜ ತೊಳೆದು, ಸೆರಗಿನಲ್ಲಿ ಒರೆಸಿ ಒಂದು ಹಿಡಿ ತಂದು ಹಾಸಿಗೆಯ ಮೇಲೆ ಸುರಿದೆ. ಹುಡುಗಿ ಆರಿಸಿ ಆರಿಸಿ ತಳ್ಳಿದಳು. ಆಮೇಲೆ ಮಾತ್ರೆಗೆ ಬಾಯಿ ತೆರೆದಳು.

ಅಂಗಳಕ್ಕೆ ಬಂದು ಸಿಸ್ಟರಿಗೆ ಫೋನು ಮಾಡಿದೆ.

"ಎಲ್ಲಿ ಹಾಳಾಗಿ ಹೋದೆ ತಿಪ್ಪಕ್ಕ, ವ್ಯಾನು ಕಾಯ್ತೈತೆ," ಎಂದರು.

"ಸಾಸ್ವೆಹಳ್ಳಿ ಹುಡುಗಿದು ಬರ್ಕಳ್ರಿ ಸಿಸ್ಟರ್. ಒಂಬತ್ತು."

"ಇರೋದೇ ಐದಲ್ವಾ?"

"ಒಂಬತ್ತು ಅಂತ ಬರೀರಿ. ಯಾಕೆ ಅಂತ ಹೇಳ್ತೀನಿ," ಎಂದು ಮೊದಲಿನಿಂದ ಹೇಳತೊಡಗಿದೆ.